ಸ್ಕಾಟ್ಲೆಂಡಿನ ಪಾಲುಪಟ್ಟಿ

"ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆ?" 2014ರ ಸೆಪ್ಟೆಂಬರ್ 18ರಂದು ಅಲ್ಲಿನ ಮತಚೀಟಿಯ ಮೇಲೆ ಇದ್ದ ಪ್ರಶ್ನೆ ಇಷ್ಟೇ. ಕನ್ನಡದಲ್ಲಿ ಮೂರು ಪದ, ಇಂಗ್ಲಿಷಿನಲ್ಲಿ ಆರು. ಬೇಕು ಎಂದವರು 16,17,989, ಬೇಡ ಎಂದವರು 20,01,926. ನೂರಕ್ಕೆ 84.6 ಮಂದಿ ಮತ ಹಾಕಿದ್ದರು. ಶೇಕಡಾ 44.7ಕ್ಕೆ 55.3ರ ಅಂತರದಲ್ಲಿ, 1707ರಿಂದ ಇಂಗ್ಲೆಂಡಿನೊಂದಿಗೆ ಕೂಡಿದ್ದ ಮನೆ ಒಡೆಯದೆ ಉಳಿಯಿತು.

ಒಂದು ಪ್ರಾಂತ್ಯ ಸ್ವಂತ ದೇಶವಾಗಬೇಕೆಂದು ಕನಸು ಕಂಡಾಗ ಬಾವುಟ, ನಾಡಗೀತೆ, ವಿಶ್ವಸಂಸ್ಥೆಯಲ್ಲಿ ಒಂದು ಕುರ್ಚಿ ಎಲ್ಲರ ಕಣ್ಣಿಗೂ ಬರುತ್ತವೆ. ಅವು ಸುಲಭದ ಕೆಲಸಗಳು. ಅಣ್ಣತಮ್ಮಂದಿರು ಪಾಲಾಗುವಾಗ ಮನೆ ಯಾರಿಗೆ, ಸಾಲ ಯಾರಿಗೆ, ಬಾವಿ ಹೇಗೆ, ದಾರಿ ಯಾವ ಕಡೆಯಿಂದ ಎಂದು ಸಾಲುಸಾಲಾಗಿ ಬರೆಯುತ್ತಾರಲ್ಲ, ಆ ಪಾಲುಪಟ್ಟಿಯೇ ಕಷ್ಟದ ಕೆಲಸ. ಸ್ಕಾಟ್ಲೆಂಡಿನಲ್ಲಿ ಅಭಿಮಾನ ಬೇಕಾದಷ್ಟಿತ್ತು, ಪಾಲುಪಟ್ಟಿ ಅರ್ಧಕ್ಕೇ ನಿಂತಿತ್ತು ಎಂಬುದು ನನ್ನ ತಿಳಿವಳಿಕೆ. ಅದರಲ್ಲೂ ನಾಣ್ಯದ ಸಾಲು ಖಾಲಿ ಇತ್ತು. ಸ್ವನಿರ್ಣಯವನ್ನು ಗೌರವಿಸುವವರು ಆ ಖಾಲಿ ಸಾಲುಗಳನ್ನೇ ಮೊದಲು ಓದಬೇಕು.

ಪಾಲು ಕೇಳುವ ಹಕ್ಕು ಯಾರದು ಎಂಬಲ್ಲಿಂದಲೇ ತೊಡಕು ಶುರು. 1998ರ ಸ್ಕಾಟ್ಲೆಂಡ್ ಕಾಯ್ದೆಯಿಂದ ಹುಟ್ಟಿದ, ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೊದಲ್ಲಿರುವ 129 ಸದಸ್ಯರ ಸಂಸತ್ತಿಗೆ ಶಾಲೆ, ಆಸ್ಪತ್ರೆ, ಪೊಲೀಸ್, ನ್ಯಾಯಾಂಗದ ಅಧಿಕಾರ ಇದೆ. ಒಕ್ಕೂಟದ ಅಳಿವು ಉಳಿವಿನ ವಿಷಯ ಮಾತ್ರ ಲಂಡನ್ನಿನ ಕೈಯಲ್ಲಿದೆ. ಅದೇ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಲಂಡನ್ ಈ ಅಧಿಕಾರವನ್ನು ತಾತ್ಕಾಲಿಕವಾಗಿ ಬಿಟ್ಟುಕೊಡಬಹುದು. 2011ರಲ್ಲಿ ಸ್ವಾತಂತ್ರ್ಯ ಬಯಸುವ ಸ್ಕಾಟಿಷ್ ನ್ಯಾಷನಲ್ ಪಾರ್ಟಿ 69 ಸ್ಥಾನ ಗೆದ್ದು ಸ್ವಂತ ಬಲದಲ್ಲಿ ಸರ್ಕಾರ ಮಾಡಿದ ಮೇಲೆ, 2012ರ ಅಕ್ಟೋಬರ್ 15ರಂದು ಬ್ರಿಟನ್ನಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ಮತ್ತು ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥ ಅಲೆಕ್ಸ್ ಸಾಲ್ಮಂಡ್ ಎಡಿನ್‌ಬರೊ ಒಪ್ಪಂದಕ್ಕೆ ಸಹಿ ಹಾಕಿ ಆ ದಾರಿ ತೆರೆದರು. ಲಂಡನ್ ಒಪ್ಪದಿದ್ದರೆ ಏನು ಎಂಬುದಕ್ಕೆ ಉತ್ತರ 2022ರ ನವೆಂಬರ್ 23ರಂದು ಬಂತು. ಎಡಿನ್‌ಬರೊ ತಾನಾಗಿಯೇ ಜನಮತಗಣನೆ ನಡೆಸುವಂತಿಲ್ಲ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು ಒಮ್ಮತದಿಂದ ಹೇಳಿದರು.

ಒಪ್ಪಿಗೆ ಇಲ್ಲದೆ ನಡೆಸಿದರೆ ಏನಾಗುತ್ತದೆ ಎಂಬುದಕ್ಕೆ 2017ರಲ್ಲೇ ಎರಡು ಉದಾಹರಣೆ ಸಿಕ್ಕಿವೆ. ಸೆಪ್ಟೆಂಬರ್ 25ರಂದು ಇರಾಕಿನ ಕುರ್ದಿಸ್ತಾನದಲ್ಲಿ ಮತ ಹಾಕಿದವರಲ್ಲಿ ನೂರಕ್ಕೆ 92ಕ್ಕಿಂತ ಹೆಚ್ಚು ಮಂದಿ ಹೌದು ಎಂದರು. ಕೆಲವೇ ದಿನಗಳಲ್ಲಿ ಬಾಗ್ದಾದ್ ಅಲ್ಲಿನ ವಿಮಾನ ನಿಲ್ದಾಣಗಳಿಗೆ ಅಂತರರಾಷ್ಟ್ರೀಯ ಹಾರಾಟ ನಿಲ್ಲಿಸಿತು, ಅಕ್ಟೋಬರ್ ನಡುವಿನಲ್ಲಿ ತೈಲದ ಕಿರ್ಕುಕ್ ಕೈತಪ್ಪಿತು. ಅಕ್ಟೋಬರ್ 27ರಂದು ಸ್ಪೇನಿನ ಕ್ಯಾಟಲೋನಿಯಾ ಪ್ರಾಂತ್ಯ ಸ್ವಾತಂತ್ರ್ಯ ಘೋಷಿಸಿತು. ಅದೇ ದಿನ ಮ್ಯಾಡ್ರಿಡ್ ಸಂವಿಧಾನದ 155ನೇ ವಿಧಿ ಬಳಸಿ ಅಲ್ಲಿನ ಸರ್ಕಾರವನ್ನು ವಜಾ ಮಾಡಿತು. ಕ್ಯಾಟಲೋನಿಯಾದ ಬಹುಪಾಲು ತೆರಿಗೆ ವಸೂಲಾಗಿ ಹೋಗುತ್ತಿದ್ದದ್ದು ಮ್ಯಾಡ್ರಿಡ್ಡಿನ ಖಜಾನೆಗೆ. ಘೋಷಣೆಯ ಮರುದಿನ ನೌಕರರಿಗೆ ಸಂಬಳ ಕೊಡಬೇಕಾದ ಹಣ ಘೋಷಿಸಿದವರ ಕೈಯಲ್ಲಿ ಇರಲಿಲ್ಲ.

ಪ್ರಶ್ನೆಯ ಮಾತುಗಳೂ ಫಲಿತಾಂಶವನ್ನು ಅಲುಗಿಸುತ್ತವೆ. ಸಾಲ್ಮಂಡ್ ಸರ್ಕಾರ ಮೊದಲು ಬರೆದದ್ದು "ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕು ಎಂಬುದನ್ನು ಒಪ್ಪುತ್ತೀರಾ?" ಎಂಬ ಧಾಟಿಯಲ್ಲಿ. ಒಪ್ಪುತ್ತೀರಾ ಎಂದು ಕೇಳಿದರೆ ಉತ್ತರ ಹೌದು ಕಡೆಗೆ ವಾಲುತ್ತದೆ. ಚುನಾವಣಾ ಆಯೋಗ ಜನರ ಮೇಲೆ ಪರೀಕ್ಷಿಸಿ ಆ ಪದವನ್ನು ತೆಗೆಸಿತು. ಕೆನಡಾದ ಕ್ವಿಬೆಕ್ 1995ರಲ್ಲಿ ಕೇಳಿದ ಪ್ರಶ್ನೆಯಲ್ಲಿ ಸಾರ್ವಭೌಮತ್ವದ ಜೊತೆಗೆ ಕೆನಡಾಕ್ಕೆ ಪಾಲುದಾರಿಕೆಯ ಪ್ರಸ್ತಾಪ, ಒಂದು ಮಸೂದೆ, ಜೂನ್ 12ರ ಒಂದು ಒಪ್ಪಂದ ಎಲ್ಲವೂ ತುಂಬಿದ್ದವು. ಅಲ್ಲಿ ಸ್ವಾತಂತ್ರ್ಯ ಸೋತದ್ದು 54,288 ಮತಗಳಿಂದ, ಕುಲಗೆಟ್ಟ ಮತಚೀಟಿಗಳು 86,501. ಗೆಲುವಿನ ಅಂತರಕ್ಕಿಂತ ತಿರಸ್ಕೃತ ಚೀಟಿಗಳೇ ಹೆಚ್ಚಾದರೆ ಗೆದ್ದವರಿಗೂ ಸೋತವರಿಗೂ ನೆಮ್ಮದಿ ಇರುವುದಿಲ್ಲ. ಯಾವ ಗುರುತು ಸಿಂಧು, ಯಾವುದು ಅಸಿಂಧು ಎಂಬುದನ್ನು ಚಿತ್ರ ಸಮೇತ ಮೊದಲೇ ಅಚ್ಚು ಹಾಕಿ ಎರಡೂ ಪಕ್ಷಗಳ ಸಹಿ ತೆಗೆದುಕೊಳ್ಳುವುದು ಒಂದು ದಿನದ ಕೆಲಸ.

ಗೆಲ್ಲಲು ಎಷ್ಟು ಮತ ಬೇಕು ಎಂಬ ಅಳತೆಗೋಲಿನ ವಿಷಯದಲ್ಲಿ ಸ್ಕಾಟರಿಗೆ ಹಳೆಯ ಗಾಯವಿದೆ. 1979ರಲ್ಲಿ ಪ್ರಾಂತೀಯ ಶಾಸನಸಭೆ ಬೇಕೆ ಎಂಬ ಜನಮತಗಣನೆಯಲ್ಲಿ ಶೇಕಡಾ 51.6 ಮಂದಿ ಬೇಕು ಎಂದಿದ್ದರು. ಆದರೆ ಮತದಾರರ ಪಟ್ಟಿಯಲ್ಲಿರುವ ಒಟ್ಟು ಜನರಲ್ಲಿ ಶೇಕಡಾ 40 ಮಂದಿಯ ಒಪ್ಪಿಗೆ ಬೇಕೆಂಬ ಷರತ್ತನ್ನು ಸಂಸತ್ತಿನಲ್ಲಿ ಸೇರಿಸಿದ್ದರು. ಸಿಕ್ಕಿದ್ದು 32.9. ಮತ ಹಾಕಲು ಬಾರದೆ ಉಳಿದವರು ಸಹ ಬೇಡ ಎಂದಂತೆ ಲೆಕ್ಕವಾಯಿತು. ನಮ್ಮ ಕಡೆಯ ಯಾವುದೇ ಊರಿನ ಮತದಾರರ ಪಟ್ಟಿ ನೋಡಿದವರಿಗೆ ಇದರ ಅನ್ಯಾಯ ವಿವರಿಸಬೇಕಿಲ್ಲ. 2006ರಲ್ಲಿ ಮಾಂಟೆನೆಗ್ರೊಗೆ ಯೂರೋಪ್ ಒಕ್ಕೂಟ ಇಟ್ಟ ಅಳತೆ ಇದಕ್ಕಿಂತ ಮೇಲು: ಅರ್ಧಕ್ಕಿಂತ ಹೆಚ್ಚು ಮತದಾರರು ಬರಬೇಕು, ಬಂದವರಲ್ಲಿ ಶೇಕಡಾ 55 ಒಪ್ಪಬೇಕು. ಬಂದದ್ದು 55.5. ಕೂದಲೆಳೆಯ ಅಂತರವಾದರೂ ನಿಯಮ ಮೊದಲೇ ಗೊತ್ತಿದ್ದರಿಂದ ಫಲಿತಾಂಶ ನಿಂತಿತು.

ಯಾರ ಮತ ಎಂಬುದಕ್ಕೆ ಸ್ಕಾಟ್ಲೆಂಡ್ ಕೊಟ್ಟ ಉತ್ತರ ನನಗೆ ತುಂಬ ಇಷ್ಟ. ಹುಟ್ಟನ್ನು ನೋಡಲಿಲ್ಲ, ವಾಸವನ್ನು ನೋಡಿದರು. ಲಂಡನ್ನಿನಲ್ಲಿ ನೆಲೆಸಿದ ಸ್ಕಾಟನಿಗೆ ಮತವಿಲ್ಲ. ಗ್ಲಾಸ್ಗೋದಲ್ಲಿ ಕಾನೂನುಬದ್ಧವಾಗಿ ನೆಲೆಸಿದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಮತವಿದೆ. ಹೀಗಾಗಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಅಲ್ಲಿನ ಆಸ್ಪತ್ರೆಯಲ್ಲೋ ಅಬರ್ಡೀನಿನ ತೈಲ ಕಂಪನಿಯಲ್ಲೋ ದುಡಿಯುವ ಕನ್ನಡಿಗರಿಗೂ ಒಂದು ಹಳೆಯ ರಾಜ್ಯದ ಹಣೆಬರಹ ಬರೆಯುವ ಹಕ್ಕಿತ್ತು. 16 ಮತ್ತು 17 ವರ್ಷದವರಿಗೂ ಕೊಟ್ಟರು. ರಕ್ತದ ಲೆಕ್ಕ ಹಿಡಿಯದೆಯೂ ಸ್ವನಿರ್ಣಯ ಸಾಧ್ಯ ಎಂದು ಅವರು ಮಾಡಿ ತೋರಿಸಿದರು.

ಈಗ ನಾಣ್ಯ.

2013ರ ನವೆಂಬರಿನಲ್ಲಿ ಸ್ಕಾಟಿಷ್ ಸರ್ಕಾರ ಸುಮಾರು 670 ಪುಟಗಳ ಶ್ವೇತಪತ್ರ ಹೊರತಂದಿತು. ಸ್ವಾತಂತ್ರ್ಯದ ದಿನವೂ ಅದರಲ್ಲಿ ನಿಗದಿಯಾಗಿತ್ತು: 2016ರ ಮಾರ್ಚ್ 24. ಪೌಂಡ್ ಹಾಗೆಯೇ ಇರುತ್ತದೆ, ಬ್ಯಾಂಕ್ ಆಫ್ ಇಂಗ್ಲೆಂಡ್ ಇಬ್ಬರಿಗೂ ಸೇರಿದ ಕೇಂದ್ರ ಬ್ಯಾಂಕ್ ಆಗಿರುತ್ತದೆ ಎಂದು ಬರೆದಿದ್ದರು. ಪಾಲಾದರೂ ಬಾವಿ ಕೂಡಿಯೇ ಇರಲಿ ಎಂದ ಹಾಗೆ. ಬಾವಿಯ ಇನ್ನೊಬ್ಬ ಹಕ್ಕುದಾರ ಒಪ್ಪಬೇಕಲ್ಲ? 2014ರ ಫೆಬ್ರವರಿ 13ರಂದು ಬ್ರಿಟನ್ನಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬರ್ನ್ ಎಡಿನ್‌ಬರೊಗೇ ಬಂದು ಆಗುವುದಿಲ್ಲ ಎಂದರು. ಲೇಬರ್, ಲಿಬರಲ್ ಡೆಮಾಕ್ರಾಟ್ ಪಕ್ಷಗಳೂ ದನಿಗೂಡಿಸಿದವು. ಆಗಸ್ಟ್ 5ರ ಟಿವಿ ಚರ್ಚೆಯಲ್ಲಿ 'ಬೇಡ' ಬಣದ ನಾಯಕ ಅಲಿಸ್ಟೇರ್ ಡಾರ್ಲಿಂಗ್, ಅದು ಆಗದಿದ್ದರೆ ಎರಡನೆಯ ಯೋಜನೆ ಏನು ಎಂದು ಸಾಲ್ಮಂಡ್‌ರನ್ನು ಮತ್ತೆ ಮತ್ತೆ ಕೇಳಿದರು. ನೇರ ಉತ್ತರ ಬರಲಿಲ್ಲ.

ಲಂಡನ್ ಬೇಡ ಎಂದದ್ದು ಬರೀ ಹಟದಿಂದಲ್ಲ. ಕೇಂದ್ರ ಬ್ಯಾಂಕು ನೋಟು ಅಚ್ಚು ಹಾಕುವುದಷ್ಟೇ ಅಲ್ಲ, ಬ್ಯಾಂಕುಗಳು ಮುಳುಗುವಾಗ ಕಡೆಯದಾಗಿ ಸಾಲ ಕೊಡುವ ಧಣಿಯೂ ಹೌದು. 2008ರಲ್ಲಿ ಎಡಿನ್‌ಬರೊದಲ್ಲಿ ಮುಖ್ಯ ಕಚೇರಿ ಇದ್ದ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡಿನ ಲೆಕ್ಕಪುಸ್ತಕ ಇಡೀ ಬ್ರಿಟನ್ನಿನ ವರ್ಷದ ಉತ್ಪಾದನೆಗಿಂತ ದೊಡ್ಡದಾಗಿತ್ತು, ಅದನ್ನು ಉಳಿಸಿದ್ದು ಇಡೀ ಬ್ರಿಟನ್ನಿನ ತೆರಿಗೆದಾರರು. ಬೇರೆ ದೇಶವಾದ ಮೇಲೆ ಅಂಥದ್ದು ಮತ್ತೆ ಆದರೆ, ಪರದೇಶದ ಬ್ಯಾಂಕಿಗೆ ಇಂಗ್ಲೆಂಡಿನ ತೆರಿಗೆದಾರ ಜಾಮೀನು ನಿಂತ ಹಾಗಾಗುತ್ತದೆ. ಜಾಮೀನು ನಿಲ್ಲುವವನು ಸಾಲಗಾರನ ಖರ್ಚಿನ ಮೇಲೆ ಹಿಡಿತ ಕೇಳುತ್ತಾನೆ. ಹಿಡಿತ ಒಪ್ಪಿದರೆ ಸ್ವಾತಂತ್ರ್ಯದ ಬಜೆಟ್ ಲಂಡನ್ನಿನಲ್ಲೇ ತಯಾರಾಗುತ್ತದೆ.

ಸ್ಕಾಟ್ಲೆಂಡಿಗೆ ತನ್ನದೇ ನೋಟು ಇದೆಯಲ್ಲ ಎಂದು ಅಲ್ಲಿಗೆ ಹೋಗಿಬಂದವರು ಕೇಳಬಹುದು. ಮೂರು ವಾಣಿಜ್ಯ ಬ್ಯಾಂಕುಗಳು ಅಲ್ಲಿ ನೋಟು ಹೊರಡಿಸುತ್ತವೆ, ನಿಜ. ಪ್ರತಿ ನೋಟಿನ ಹಿಂದೆ ಅಷ್ಟೇ ಮೊತ್ತ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಭದ್ರತೆಯಾಗಿರಬೇಕು. ಇದಕ್ಕಾಗಿಯೇ ಹತ್ತು ಲಕ್ಷ ಪೌಂಡಿನ 'ಜೈಂಟ್', ಹತ್ತು ಕೋಟಿ ಪೌಂಡಿನ 'ಟೈಟನ್' ಎಂಬ ದೈತ್ಯ ನೋಟುಗಳಿವೆ. ಅವು ಪೇಟೆಗೆ ಬರುವುದಿಲ್ಲ. ಚಿತ್ರ ಸ್ಕಾಟ್ಲೆಂಡಿನದು, ಬೆಲೆ ಲಂಡನ್ನಿನದು.

ಒಪ್ಪಿಗೆಯಿಲ್ಲದೆ ಪೌಂಡ್ ಬಳಸುವುದು ಎರಡನೆಯ ದಾರಿ. ಎಕ್ವಡಾರ್ 2000ದಿಂದ ಡಾಲರ್ ಬಳಸುತ್ತಿದೆ, ಮಾಂಟೆನೆಗ್ರೊ ಯೂರೋ ಬಳಸುತ್ತದೆ. ಯಾರೂ ತಡೆಯಲಾರರು. ಆದರೆ ಬಡ್ಡಿದರ ನಿಮ್ಮ ಕೈಯಲ್ಲಿಲ್ಲ, ಬ್ಯಾಂಕ್ ಮುಳುಗಿದರೆ ನೋಟು ಅಚ್ಚು ಹಾಕಿ ಉಳಿಸಲಾಗದು. ಆಗ ಬ್ರಿಟನ್ನಿನಲ್ಲಿ ಒಬ್ಬೊಬ್ಬ ಠೇವಣಿದಾರನಿಗೆ 85,000 ಪೌಂಡಿನವರೆಗೆ ಖಾತರಿ ಇತ್ತು. ಅಂಥ ಖಾತರಿ ಕೊಡುವವರು ಯಾರು ಎಂಬುದಕ್ಕೆ ಉತ್ತರವಿಲ್ಲದಿದ್ದರೆ ಠೇವಣಿ ಗಡಿ ದಾಟುತ್ತದೆ. ಮತದಾನಕ್ಕೆ ಒಂದು ವಾರ ಮುಂಚೆ, ಫಲಿತಾಂಶ ಹೌದು ಎಂದಾದರೆ ನೋಂದಾಯಿತ ಕಚೇರಿಯನ್ನು ಇಂಗ್ಲೆಂಡಿಗೆ ಒಯ್ಯುವುದಾಗಿ ದೊಡ್ಡ ಬ್ಯಾಂಕುಗಳೇ ಹೇಳಿದ್ದವು.

ಠೇವಣಿ ಎಷ್ಟು ಬೇಗ ಓಡುತ್ತದೆ ಎಂದು ತಿಳಿಯಲು ಚೆಕೊಸ್ಲೊವಾಕಿಯಾ ನೋಡಬೇಕು. 1993ರ ಜನವರಿ 1ರಂದು ಜೆಕ್ ಮತ್ತು ಸ್ಲೊವಾಕ್ ದೇಶಗಳು ರಕ್ತ ಹರಿಯದೆ ಪಾಲಾದವು. ಕೊರುನಾ ನಾಣ್ಯ ಕನಿಷ್ಠ ಆರು ತಿಂಗಳು ಕೂಡಿ ಇರಲಿ ಎಂದು ಒಪ್ಪಂದವಿತ್ತು. ಉಳಿದದ್ದು ಫೆಬ್ರವರಿ 8ರವರೆಗೆ, ಐದೂವರೆ ವಾರ. ಸ್ಲೊವಾಕ್ ನಾಣ್ಯ ಬೇರೆಯಾದರೆ ಬೆಲೆ ಇಳಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಎಲ್ಲರೂ ಹಣವನ್ನು ಜೆಕ್ ಬ್ಯಾಂಕುಗಳಿಗೆ ಸಾಗಿಸಿದರು. ಕಡೆಗೆ 100, 500, 1000ದ ಹಳೆಯ ನೋಟುಗಳ ಮೇಲೆ ಅಂಚೆಚೀಟಿಯಂಥ ಮುದ್ರೆ ಅಂಟಿಸಿ, ಇದು ಜೆಕ್, ಇದು ಸ್ಲೊವಾಕ್ ಎಂದು ಬೇರ್ಪಡಿಸಿದರು. ಒಬ್ಬೊಬ್ಬರಿಗೆ ನಗದಾಗಿ ಬದಲಿಸಿಕೊಳ್ಳಲು 4,000 ಕೊರುನಾ ಮಿತಿ, ಉಳಿದದ್ದು ಖಾತೆಗೆ. ಕೂಡುನಾಣ್ಯ ತಾತ್ಕಾಲಿಕ ಎಂದು ಬಾಯಿಬಿಟ್ಟು ಹೇಳಿದ ದಿನವೇ ಅದರ ಆಯಸ್ಸು ಮುಗಿಯುತ್ತದೆ.

ಉಳಿದದ್ದು ಸ್ವಂತ ನಾಣ್ಯ. ನನ್ನ ಮಟ್ಟಿಗೆ ಸ್ವತಂತ್ರ ದೇಶಕ್ಕೆ ಒಪ್ಪುವ ದಾರಿ ಇದೇ, ಬೆಲೆ ತೆರಬೇಕಾದ ದಾರಿಯೂ ಇದೇ. ಒಂದು ಸಣ್ಣ ಲೆಕ್ಕ ಹಾಕೋಣ. ಒಬ್ಬರ ಗೃಹಸಾಲ 1,00,000 ಪೌಂಡ್ ಸ್ಟರ್ಲಿಂಗ್. ಅವರ ಸಂಬಳ ನಾಳೆಯಿಂದ ಸ್ಕಾಟಿಷ್ ಪೌಂಡಿನಲ್ಲಿ. ಹೊಸ ನಾಣ್ಯ ಒಂದಕ್ಕೊಂದರ ಸಮದಲ್ಲಿ ಹೊರಟು 80 ಪೆನ್ಸಿಗೆ ಇಳಿಯಿತೆನ್ನಿ. ಮನೆ ಅದೇ, ಸಂಬಳ ಅದೇ, ಸಾಲ ಮಾತ್ರ 1,25,000 ಆಯಿತು. ಸಾಲವನ್ನೂ ಕಾನೂನು ಮಾಡಿ ಹೊಸ ನಾಣ್ಯಕ್ಕೆ ಬದಲಿಸಿದರೆ ನಷ್ಟ ಬ್ಯಾಂಕಿನ ಮೇಲೆ ಬೀಳುತ್ತದೆ. ಬ್ಯಾಂಕಿನ ಕಚೇರಿ ಲಂಡನ್ನಿನಲ್ಲಿದ್ದರೆ ಅದು ಕೋರ್ಟಿಗೆ ಹೋಗುತ್ತದೆ. ಬೆಲೆ ಇಳಿಯದಂತೆ ಹಿಡಿಯಲು ವಿದೇಶಿ ವಿನಿಮಯದ ದಾಸ್ತಾನು ಬೇಕು. ಅದು ಬರುವುದು ಬ್ರಿಟನ್ನಿನ ದಾಸ್ತಾನಿನ ಪಾಲಿನಿಂದ, ಸಾಲದಿಂದ, ಇಲ್ಲವೇ ವರ್ಷಗಟ್ಟಲೆ ರಫ್ತು ಹೆಚ್ಚಿಸಿ ಕೂಡಿಟ್ಟದ್ದರಿಂದ. ಐರ್ಲೆಂಡ್ ಈ ಕೆಲಸವನ್ನು ನಿಧಾನವಾಗಿ ಮಾಡಿತು. 1922ರಲ್ಲಿ ಬೇರೆಯಾದರೂ 1928ರಲ್ಲಿ ತನ್ನ ಪೌಂಡ್ ತಂದು ಸ್ಟರ್ಲಿಂಗಿಗೆ ಒಂದಕ್ಕೊಂದು ಕಟ್ಟಿಹಾಕಿತು, 1943ರಲ್ಲಿ ಕೇಂದ್ರ ಬ್ಯಾಂಕ್ ಕಟ್ಟಿತು, ಗಂಟು ಬಿಚ್ಚಿದ್ದು 1979ರಲ್ಲಿ.

ಸಾಲದ ಹಂಚಿಕೆಯಲ್ಲಿ ಒಂದು ಚೋದ್ಯವಿದೆ. 1707ರ ಕೂಡುವಿಕೆಯ ಪತ್ರದಲ್ಲೇ ಸಾಲದ ಲೆಕ್ಕ ಇತ್ತು. ಪನಾಮಾದ ಡೇರಿಯನ್‌ನಲ್ಲಿ ವಸಾಹತು ಕಟ್ಟಲು ಹೋಗಿ ಸ್ಕಾಟ್ಲೆಂಡ್ ಕೈಸುಟ್ಟುಕೊಂಡಿತ್ತು. ಇಂಗ್ಲೆಂಡಿನ ಸಾಲಕ್ಕೆ ಹೆಗಲು ಕೊಡುವುದಕ್ಕೆ ಬದಲಾಗಿ 3,98,085 ಪೌಂಡ್ 10 ಶಿಲಿಂಗ್ ಪರಿಹಾರ ಪಡೆದು ಅದು ಒಕ್ಕೂಟ ಸೇರಿತು. ಆಮೇಲೆ ಸಾಮ್ರಾಜ್ಯದ ಬಾಗಿಲು ತೆರೆಯಿತು. ಕೆನರಾದಲ್ಲೂ ಬಳ್ಳಾರಿ ಸೀಮೆಯಲ್ಲೂ ಕಂದಾಯ ಗೊತ್ತುಮಾಡಿದ ಥಾಮಸ್ ಮನ್ರೋ ಗ್ಲಾಸ್ಗೋದವನು, ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದವನು.

2014ರ ಜನವರಿಯಲ್ಲಿ ಲಂಡನ್, ಏನೇ ಆದರೂ ಬ್ರಿಟನ್ನಿನ ಹಳೆಯ ಸಾಲಪತ್ರಗಳೆಲ್ಲಕ್ಕೂ ತಾನೇ ಹೊಣೆ ಎಂದು ಸಾರಿತು. ಹಾಗೆ ಹೇಳದಿದ್ದರೆ ಸಾಲ ಕೊಟ್ಟವರು ಗಾಬರಿಯಾಗಿ ಬಡ್ಡಿ ಏರಿಸುತ್ತಿದ್ದರು. ಇದರಿಂದ ಸ್ಕಾಟ್ಲೆಂಡಿನ ಪಾಲು, ಜನಸಂಖ್ಯೆಯ ಲೆಕ್ಕದಲ್ಲಿ ನೂರಕ್ಕೆ ಎಂಟು ಚಿಲ್ಲರೆ, ಲಂಡನ್ನಿಗೆ ತೀರಿಸಬೇಕಾದ ಬಾಕಿಯಾಗುತ್ತದೆ. ನಾಣ್ಯದಲ್ಲಿ ಪಾಲು ಕೊಡದಿದ್ದರೆ ಸಾಲದಲ್ಲೂ ಪಾಲಿಲ್ಲ ಎಂಬುದು ಸಾಲ್ಮಂಡ್ ವಾದ. ಚೌಕಾಸಿಗೆ ಒಳ್ಳೆಯ ಮಾತು, ಆಚರಣೆಗೆ ಅಪಾಯದ ಮಾತು. ಹುಟ್ಟಿದ ದಿನವೇ ಸಾಲ ತೀರಿಸುವುದಿಲ್ಲ ಎಂದ ದೇಶಕ್ಕೆ ಮರುದಿನ ಕಡ ಕೊಡುವವರು ಕಡಿಮೆ. ಜೆಕ್, ಸ್ಲೊವಾಕರು ಇಲ್ಲಿ ಜಾಣತನ ತೋರಿದರು: ಸ್ಥಿರಾಸ್ತಿ ಯಾರ ನೆಲದಲ್ಲಿದೆಯೋ ಅವರಿಗೆ, ಉಳಿದದ್ದು ಎರಡಕ್ಕೆ ಒಂದು. ಸೂತ್ರ ಸರಳವಾದಷ್ಟೂ ಜಗಳ ಕಡಿಮೆ. ದೇಶದೊಳಗಿನ ಪಾಲೇ ಎಷ್ಟು ಕಷ್ಟ ಎಂಬುದಕ್ಕೆ ನಮ್ಮ ಪಕ್ಕದ ತೆಲಂಗಾಣ ಸಾಕ್ಷಿ. 2014ರ ಕಾಯ್ದೆಯಲ್ಲಿ 58.32ಕ್ಕೆ 41.68ರ ಪ್ರಮಾಣ ಇದ್ದರೂ, ಹೈದರಾಬಾದಿನಲ್ಲಿದ್ದ ನಿಗಮ ಮಂಡಳಿಗಳ ಆಸ್ತಿ ವಿವಾದ ಹತ್ತು ವರ್ಷ ದಾಟಿಯೂ ಪೂರ್ತಿ ಬಗೆಹರಿಯಲಿಲ್ಲ. ಅಲ್ಲಿ ನಾಣ್ಯ, ಸೇನೆ, ಗಡಿಸುಂಕದ ಪ್ರಶ್ನೆಯೇ ಇರಲಿಲ್ಲ.

ತೈಲವನ್ನು ನೆಚ್ಚಿ ಬಜೆಟ್ ಬರೆಯಬಾರದು. ಶ್ವೇತಪತ್ರ ಒಂದು ಬ್ಯಾರೆಲ್‌ಗೆ 113 ಡಾಲರ್ ಹಿಡಿದು, 2016-17ಕ್ಕೆ 680 ಕೋಟಿಯಿಂದ 790 ಕೋಟಿ ಪೌಂಡ್ ಆದಾಯ ಅಂದಾಜಿಸಿತ್ತು. 2016ರ ಜನವರಿಯಲ್ಲಿ ಬೆಲೆ 30 ಡಾಲರಿಗಿಂತ ಕೆಳಗಿಳಿಯಿತು. 2015-16ರಲ್ಲಿ ಸ್ಕಾಟ್ಲೆಂಡಿನ ಪಾಲಿನ ತೈಲ ಆದಾಯ ಎಂದು ಸರ್ಕಾರಿ ಲೆಕ್ಕ ತೋರಿಸಿದ್ದು 6 ಕೋಟಿ ಪೌಂಡ್. ಅಂದರೆ ಸ್ವಾತಂತ್ರ್ಯ ಬರಬೇಕಿದ್ದ ತಿಂಗಳಲ್ಲೇ ಖಜಾನೆಯ ತೈಲದ ಪೆಟ್ಟಿಗೆ ಬಹುಮಟ್ಟಿಗೆ ಬರಿದಾಗಿರುತ್ತಿತ್ತು.

ಪಿಂಚಣಿ ಮತ್ತು ಕಚೇರಿಗಳ ವಿಷಯವನ್ನು ಭಾಷಣಕಾರರು ಮುಟ್ಟುವುದೇ ಇಲ್ಲ, ಮನೆಮನೆಯ ಹಿರಿಯರು ಕೇಳುವುದು ಅದನ್ನೇ. ಬ್ರಿಟನ್ನಿನ ಸರ್ಕಾರಿ ಪಿಂಚಣಿಗೆ ಕೂಡಿಟ್ಟ ಗಂಟು ಇಲ್ಲ. ಇಂದು ದುಡಿಯುವವರ ವಂತಿಗೆ ಇಂದಿನ ವೃದ್ಧರಿಗೆ ಹೋಗುತ್ತದೆ. ಹಂಚಿಕೊಳ್ಳಲು ಪೆಟ್ಟಿಗೆಯೇ ಇಲ್ಲದ ಮೇಲೆ, ಮೂವತ್ತು ವರ್ಷ ವಂತಿಗೆ ಕಟ್ಟಿದವರಿಗೆ ಹೊಸ ದೇಶ ತನ್ನ ತೆರಿಗೆಯಿಂದಲೇ ಕೊಡಬೇಕು. ಕಂಪನಿಗಳ ಪಿಂಚಣಿ ನಿಧಿಗೆ ಬೇರೆ ತೊಡಕು: ಎರಡು ದೇಶಗಳಲ್ಲಿ ಸದಸ್ಯರಿರುವ ನಿಧಿಯಲ್ಲಿ ಕೊರತೆ ಇರಬಾರದು ಎಂಬುದು ಆಗಿನ ಯೂರೋಪ್ ನಿಯಮ. ರಾತ್ರಿ ಬೆಳಗಾಗುವುದರೊಳಗೆ ಗಡಿ ಬಂದರೆ, ಅಲ್ಲಿಯವರೆಗೆ ನಿಧಾನವಾಗಿ ತುಂಬಿಸುತ್ತಿದ್ದ ಕೊರತೆಯನ್ನು ಕಂಪನಿ ಒಮ್ಮೆಗೇ ತುಂಬಬೇಕಾಗುತ್ತದೆ.

ಕಚೇರಿ ಕಟ್ಟಲು ಎಷ್ಟು ಕಾಲ ಬೇಕು? ಇದಕ್ಕೆ ಸ್ಕಾಟ್ಲೆಂಡಿನದೇ ಪ್ರಾಮಾಣಿಕ ಉತ್ತರವಿದೆ. 2016ರ ಕಾಯ್ದೆ ಅಂಗವಿಕಲರ ಮತ್ತು ಆರೈಕೆದಾರರ ಭತ್ಯೆಗಳಂಥ 11 ಸೌಲಭ್ಯಗಳನ್ನು ಎಡಿನ್‌ಬರೊಗೆ ವಹಿಸಿತು. 2018ರ ಸೆಪ್ಟೆಂಬರಿನಲ್ಲಿ ಹೊಸ ಸಂಸ್ಥೆ ಕೆಲಸ ಶುರು ಮಾಡಿತು. ವಯಸ್ಕರ ಅಂಗವಿಕಲ ಭತ್ಯೆ ಎಲ್ಲೆಡೆ ಜಾರಿಯಾದದ್ದು 2022ರ ಆಗಸ್ಟಿನಲ್ಲಿ, ಹಳೆಯ ಫಲಾನುಭವಿಗಳ ಕಡತ ವರ್ಗಾವಣೆ ಅದಾದ ಮೇಲೂ ವರ್ಷಗಟ್ಟಲೆ ನಡೆಯಿತು. ಒಂದೊಂದು ಕಡತದಲ್ಲೂ ವೈದ್ಯಕೀಯ ದಾಖಲೆ, ಬ್ಯಾಂಕ್ ಖಾತೆ, ಹಳೆಯ ಕಂಪ್ಯೂಟರಿನ ಸಂಕೇತಗಳು. ಒಂದು ತಿಂಗಳ ಹಣ ತಪ್ಪಿದರೂ ಒಂದು ಮನೆಯ ಒಲೆ ಆರುತ್ತದೆ, ಆದ್ದರಿಂದ ಅವರು ಆತುರಪಡಲಿಲ್ಲ, ಸರಿಯಾಗಿಯೇ ಮಾಡಿದರು. ಆದರೆ 2014ರ ಯೋಜನೆಯಲ್ಲಿ ತೆರಿಗೆ, ಪಿಂಚಣಿ, ಪಾಸ್‌ಪೋರ್ಟ್, ಸೇನೆ, ರಾಯಭಾರ ಕಚೇರಿ, ಸ್ವಾನ್ಸಿಯಲ್ಲಿರುವ ವಾಹನ ನೋಂದಣಿಯ ದಫ್ತರು ಎಲ್ಲಕ್ಕೂ ಸೇರಿ ಇಟ್ಟಿದ್ದ ಗಡುವು 18 ತಿಂಗಳು. ಜೆಕ್, ಸ್ಲೊವಾಕರು ಆರು ತಿಂಗಳಲ್ಲಿ ಮುಗಿಸಿದರಲ್ಲ ಎಂದರೆ, ಅಲ್ಲಿ ಪಾಲಾಗುವ ಮುಂಚೆಯೇ ಎರಡು ಗಣರಾಜ್ಯಗಳು, ಎರಡು ಸರ್ಕಾರಗಳು ಇದ್ದವು.

2014ರಲ್ಲಿ ಗಡಿಯ ಚಿಂತೆ ಅಷ್ಟಿರಲಿಲ್ಲ, ಎರಡೂ ಕಡೆ ಯೂರೋಪ್ ಒಕ್ಕೂಟದಲ್ಲೇ ಇರುತ್ತವೆ ಎಂಬ ನಂಬಿಕೆ ಇತ್ತು. 2016ರಲ್ಲಿ ಬ್ರಿಟನ್ ಹೊರಡಲು ತೀರ್ಮಾನಿಸಿತು. ಆದರೆ ಸ್ಕಾಟ್ಲೆಂಡ್ ಶೇಕಡಾ 62ರಷ್ಟು ಉಳಿಯೋಣ ಎಂದಿತು, ಅಲ್ಲಿನ 32 ಸ್ಥಳೀಯ ಆಡಳಿತ ಪ್ರದೇಶಗಳಲ್ಲಿ ಒಂದೂ ಹೊರಹೋಗಲು ಒಪ್ಪಲಿಲ್ಲ. ತನ್ನ ಇಚ್ಛೆಗೆ ವಿರುದ್ಧವಾಗಿ ಒಂದು ನಾಡನ್ನು ಎಳೆದೊಯ್ದದ್ದು ಸ್ವಾತಂತ್ರ್ಯದ ವಾದಕ್ಕೆ ದೊಡ್ಡ ನ್ಯಾಯ ಒದಗಿಸಿತು, ಅದೇ ಘಟನೆ ಸ್ವಾತಂತ್ರ್ಯವನ್ನು ಇನ್ನಷ್ಟು ದುಬಾರಿ ಮಾಡಿತು. ಸ್ವತಂತ್ರ ಸ್ಕಾಟ್ಲೆಂಡ್ ಯೂರೋಪ್ ಒಕ್ಕೂಟ ಸೇರಿದರೆ, ಸಾಲ್ವೆ ಕೊಲ್ಲಿಯಿಂದ ಬೆರಿಕ್‌ವರೆಗಿನ ಸುಮಾರು 154 ಕಿಲೋಮೀಟರ್ ಒಕ್ಕೂಟದ ಹೊರಗಡಿಯಾಗುತ್ತದೆ. ಐರ್ಲೆಂಡಿನೊಂದಿಗೆ ಇರುವಂಥ ಒಪ್ಪಂದ ಮಾಡಿಕೊಂಡರೆ ಜನರು ತಡೆಯಿಲ್ಲದೆ ಓಡಾಡಬಹುದು. ಸರಕಿನ ಮಾತು ಬೇರೆ: ಪ್ರತಿ ಲಾರಿಗೂ ಸುಂಕದ ಘೋಷಣೆ, ಮಾಂಸ, ಮೀನು, ಬಿತ್ತನೆ ಆಲೂಗಡ್ಡೆಗೆ ಆರೋಗ್ಯ ಪತ್ರ. ಸ್ಕಾಟ್ಲೆಂಡ್ ಹೊರಗೆ ಮಾರುವುದರಲ್ಲಿ ನೂರಕ್ಕೆ ಸುಮಾರು 60 ಬ್ರಿಟನ್ನಿನ ಉಳಿದ ಭಾಗಕ್ಕೇ ಹೋಗುತ್ತದೆ. ಇಂಗ್ಲೆಂಡಿನ ನೆಲದಲ್ಲಿರುವ ಬೆರಿಕ್ ಊರಿನ ಫುಟ್‌ಬಾಲ್ ತಂಡ ಆಡುವುದು ಸ್ಕಾಟ್ಲೆಂಡಿನ ಲೀಗಿನಲ್ಲಿ. ತನಿಖಾ ಠಾಣೆ ಎಲ್ಲಿಗೆ ಬರುತ್ತದೆ, ಲಾರಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನಕ್ಷೆ ತೋರಿಸದೆ ಅಂಥ ಊರುಗಳ ಮುಂದೆ ಮತ ಕೇಳುವುದು ಸರಿಯಲ್ಲ.

ಸ್ಕಾಟ್ಲೆಂಡಿನ ಕೈಯಲ್ಲಿರುವ ಬಲವಾದ ದಾಳವೆಂದರೆ ಫಾಸ್ಲೇನ್. ಬ್ರಿಟನ್ನಿನ ನಾಲ್ಕೂ ಅಣ್ವಸ್ತ್ರ ಜಲಾಂತರ್ಗಾಮಿಗಳ ನೆಲೆ ಅದು, ಸಿಡಿತಲೆಗಳ ಉಗ್ರಾಣ ಪಕ್ಕದ ಕೂಲ್‌ಪೋರ್ಟಿನಲ್ಲಿದೆ. ಇಂಗ್ಲೆಂಡಿನಲ್ಲಿ ಅದಕ್ಕೆ ಸಮನಾದ ನೆಲೆ ಸಿದ್ಧವಾಗಿಲ್ಲ. 1921ರ ಒಪ್ಪಂದದಲ್ಲಿ ಬ್ರಿಟನ್ ಐರ್ಲೆಂಡಿನ ಮೂರು ಬಂದರುಗಳನ್ನು ತನ್ನ ನೌಕಾಪಡೆಗೆ ಉಳಿಸಿಕೊಂಡು 1938ರಲ್ಲಿ ಬಿಟ್ಟುಕೊಟ್ಟಿತು. ಇಲ್ಲೂ ಹಾಗೆ ವರ್ಷಗಳ ಗಡುವಿನ ಗೇಣಿ ಮಾಡಿ, ಬದಲಿಗೆ ವಿನಿಮಯ ದಾಸ್ತಾನಿನಲ್ಲಿ ಪಾಲು ಮತ್ತು ಹೊಸ ಕೇಂದ್ರ ಬ್ಯಾಂಕಿಗೆ ಆರಂಭದ ಕೆಲವು ವರ್ಷ ಕೈಗಡ ಕೇಳಬಹುದು. ಅಣ್ವಸ್ತ್ರ ಒಂದು ದಿನವೂ ಇರಕೂಡದು ಎನ್ನುವವರ ನೈತಿಕ ನಿಲುವು ನನಗೆ ಅರ್ಥವಾಗುತ್ತದೆ. ಹಾಗೆ ಹೇಳುವವರು ನಾಣ್ಯದ ಸಾಲಿನಲ್ಲಿ ಬೇರೆ ಏನು ಬರೆಯುತ್ತೀರಿ ಎಂಬುದಕ್ಕೂ ಉತ್ತರ ಕೊಡಬೇಕು.

ಸೋಲಿನಿಂದ ಅವರು ಕಲಿಯಲಿಲ್ಲ ಎನ್ನುವಂತಿಲ್ಲ. 2018ರಲ್ಲಿ ಸ್ಕಾಟಿಷ್ ನ್ಯಾಷನಲ್ ಪಾರ್ಟಿ ನೇಮಿಸಿದ್ದ ಆಂಡ್ರ್ಯೂ ವಿಲ್ಸನ್ ನೇತೃತ್ವದ ಆಯೋಗ, ಆರು ಪರೀಕ್ಷೆ ಪಾಸಾಗುವವರೆಗೆ ಪೌಂಡನ್ನೇ ಬಳಸಿ ಆಮೇಲೆ ಸ್ವಂತ ನಾಣ್ಯಕ್ಕೆ ಹೋಗೋಣ ಎಂದಿತು. 2022ರ ಸ್ಕಾಟಿಷ್ ಸರ್ಕಾರದ ಪತ್ರ ಕಾರ್ಯಸಾಧ್ಯವಾದ ಕೂಡಲೇ ಸ್ಕಾಟಿಷ್ ಪೌಂಡ್ ಎಂದಿತು. ದಿನಾಂಕ ಎರಡರಲ್ಲೂ ಇಲ್ಲ. 2014ರಲ್ಲಿ 16ನೇ ವಯಸ್ಸಿಗೇ ಮತ ಹಾಕಿದ ಮಕ್ಕಳು ಈಗ ದುಡಿಯುತ್ತಿದ್ದಾರೆ, ಗೃಹಸಾಲದ ಅರ್ಜಿ ತುಂಬುವ ವಯಸ್ಸಿಗೆ ಬಂದಿದ್ದಾರೆ. ಅವರ ಸಾಲ ಇಪ್ಪತ್ತೈದೋ ಮೂವತ್ತೋ ವರ್ಷದ್ದು, ಅದರ ಕಂತುಗಳೆಲ್ಲ ಸ್ಟರ್ಲಿಂಗಿನಲ್ಲಿ.